ಕಬಡ್ಡಿ ಅಂಕಣದಲ್ಲಿ ಅಭಿಮನ್ಯು ಇದ್ದಾನಾ?

ತೊಗರಿಕಣಜ (ಕಲಬುರಗಿ):
ಮಗಳು ಏಳನೇ ಕ್ಲಾಸ್, ಶಾಲೆಯ ಕಬಡ್ಡಿ ಟೀಮಿನಲ್ಲಿ ರೈಡರ್. ಮೊನ್ನೆ ಪ್ರಾಕ್ಟೀಸ್ ಮುಗಿಸಿ ಬಂದವಳು, ಕೆತ್ತಿಹೋದ ಮೊಣಕಾಲಿಗೆ ಅರಿಶಿನ ಹಚ್ಚಿಸಿಕೊಳ್ಳುತ್ತಲೇ, "ಅಪ್ಪಾ, ಎದುರಿಗೆ ಏಳು ಜನ, ಒಳಗೆ ನಾನೊಬ್ಬಳು, ಇದು ಚಕ್ರವ್ಯೂಹ ಅಂತ ಸರ್ ಹೇಳಿದರು" ಅಂದಳು. ಕೇಳೋಕೆ ಚೆನ್ನಾಗಿದೆ. ಆದರೆ ಅಭಿಮನ್ಯು ವಾಪಸ್ ಬರಲಿಲ್ಲ, ಇವಳು 30 ಸೆಕೆಂಡಿನೊಳಗೆ ಬರಲೇಬೇಕು! ಆಟದೊಳಗೆ ನಿಜವಾಗಿಯೂ ಪುರಾಣ ಇದೆಯಾ, ಇಲ್ಲಾ ನಾವೇ ಸುಮ್ನೆ ಅಂಟಿಸುತ್ತೇವಾ?

ಆಳಂದ ಕಡೆಯವ:
ಕಬಡ್ಡಿ ಗೊತ್ತಿಲ್ಲ, ಕುಸ್ತಿ ಗೊತ್ತು. ನಮ್ಮ ತಾಲೀಮಿನಲ್ಲಿ ಹನುಮಪ್ಪನ ಫೋಟೊಗೆ ಕೈ ಮುಗಿಯದೆ ಯಾರೂ ಇಳಿಯುತ್ತಿರಲಿಲ್ಲ. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ, ತುಳಿದು ತುಳಿದು ಹದ ಮಾಡಿ, ಶನಿವಾರ ಕಾಯಿ ಒಡೆದು, ಚಿಟಿಕೆ ಮಣ್ಣು ಹಣೆಗೆ ಹಚ್ಚಿಕೊಂಡ ಮೇಲೇ ಸೆಡ್ಡು ಹೊಡೆಯೋದು. ಜೊತೆಗಿದ್ದ ಮುಸ್ಲಿಂ ಹುಡುಗರು ಅದೇ ಮಣ್ಣು ಹಚ್ಚಿಕೊಂಡು 'ಯಾ ಅಲಿ' ಅಂತ ಇಳಿಯುತ್ತಿದ್ದರು. ಹನುಮಪ್ಪನ ಮುಂದೆ ಕಲಿಸುವವರನ್ನು ನಾವೆಲ್ಲ ಕರೆಯುತ್ತಿದ್ದದ್ದು 'ಉಸ್ತಾದ್' ಅಂತ. ಈಗ ಮ್ಯಾಟ್ ಬಂದಿದೆ. ಅದಕ್ಕೆ ಮಜ್ಜಿಗೆ ಹಾಕೋಕಾಗುತ್ತಾ? ಆದರೂ ಹುಡುಗರು ಆ ರಬ್ಬರನ್ನೇ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ, ನೋಡಿದ್ದೇನೆ.

ಬಿದ್ರಿ ಹೂಜಿ (ಬೀದರ್):
ಏಳು ಜನರ ಲೆಕ್ಕ ಆಮೇಲೆ ಹೊಂದಿಸಿದ್ದು ಅನ್ಸುತ್ತೆ. ಪುರಾಣ ಬೇಕಂದ್ರೆ ಹೆಸರಲ್ಲಿ ಹುಡುಕಿ. ಕಬಡ್ಡಿಯಲ್ಲಿ ಸಂಜೀವನಿ, ಗಾಮಿನಿ, ಅಮರ್ ಅಂತ ಹಳೆಯ ಬಗೆಗಳಿವೆ. ಅಮರ್‌ನಲ್ಲಿ ಔಟಾದವನು ಅಂಕಣ ಬಿಡೋದೇ ಇಲ್ಲ, ಎದುರಿನವರಿಗೆ ಪಾಯಿಂಟ್ ಅಷ್ಟೇ. ಗಾಮಿನಿಯಲ್ಲಿ ಇಡೀ ಟೀಮ್ ಔಟಾಗುವವರೆಗೂ ಹೊರಗೇ ಕೂರಬೇಕು. ಸಂಜೀವನಿಯಲ್ಲಿ ಎದುರಿನವನೊಬ್ಬ ಬಿದ್ದರೆ ನಮ್ಮವನೊಬ್ಬ ಎದ್ದು ಬರುತ್ತಾನೆ, ಈಗ ಟಿವಿಯಲ್ಲಿ ನೋಡುವ ಆಟದಲ್ಲಿ ನಡೆಯುವುದೂ ಇದೇ. ಸತ್ತು ಹುಟ್ಟುವ ಲೆಕ್ಕ ನಿಯಮದಲ್ಲೇ ಕೂತಿದೆ ನೋಡಿ. ಮಗಳಿಗೆ ಅಭಿಮನ್ಯು ಬೇಡ, ಲಕ್ಷ್ಮಣ ಅನ್ನಿ. ಅವನಾದರೆ ಬಿದ್ದು ಎದ್ದವನು.

ಕ್ಲಾಸಿನ ಹಿಂದಿನ ಬೆಂಚು (ಯಾದಗಿರಿ):
ಹೆಸರು ಅಂದಿರಲ್ಲ, ಪ್ರಶಸ್ತಿಗಳನ್ನೇ ನೋಡಿ. ಆಟಗಾರರಿಗೆ 1961ರಿಂದ ಅರ್ಜುನ, ಕೋಚ್‌ಗಳಿಗೆ 1985ರಿಂದ ದ್ರೋಣಾಚಾರ್ಯ. ನಮ್ಮ ರಾಜ್ಯ ಸರ್ಕಾರ ಕೊಡುವುದು ಏಕಲವ್ಯ! ಮೂವರನ್ನೂ ಒಂದೇ ಮೈದಾನಕ್ಕೆ ತಂದು ನಿಲ್ಲಿಸಿದ್ದೇವೆ, ಯಾರು ಯಾರಿಗೆ ಏನು ಮಾಡಿದರು ಅಂತ ನೆನಪೇ ಇಲ್ಲದವರ ಹಾಗೆ. ಇದನ್ನ ಕ್ಲಾಸಲ್ಲಿ ಹೇಳಿದಾಗ ಒಬ್ಬ ಹುಡುಗ, "ಬೆರಳು ಕೇಳಿದವರ ಹೆಸರು ಕೋಚ್ ಪ್ರಶಸ್ತಿಗಾ ಸಾರ್?" ಅಂದ. ಉತ್ತರ ಹೊಳೆಯಲಿಲ್ಲ. ಇನ್ನೊಂದು, ಒಲಿಂಪಿಕ್ಸ್ ಬಿಲ್ಲುಗಾರರು ಸಾಮಾನ್ಯವಾಗಿ ಹೆದೆ ಎಳೆಯುವುದು ನಡುವಿನ ಮೂರು ಬೆರಳಲ್ಲಿ, ಹೆಬ್ಬೆರಳಿಗೆ ಅಲ್ಲಿ ಕೆಲಸವೇ ಇಲ್ಲ. ಏಕಲವ್ಯ ಇವತ್ತು ಬಂದಿದ್ದರೂ ಪದಕ ಹೊಡೆಯುತ್ತಿದ್ದ.

ತೊಗರಿಕಣಜ:
ಬೀದರಿನವರ ಮಾತು ಮಗಳಿಗೆ ಹೇಳಿದೆ. "ಲಕ್ಷ್ಮಣ ಮಲಗಿದ್ದ ಅಲ್ವಾ, ಓಡಿ ಹೋಗಿ ಬಂದಿದ್ದು ಹನುಮಂತ. ನಾನು ಹನುಮಂತ" ಅಂದಳು. ಮೊಣಕಾಲು ಇನ್ನೂ ಮಾಯ್ದಿಲ್ಲ, ಸೋಮವಾರ ಮ್ಯಾಚ್ ಇದೆ.