ಆಲೆಮನೆಯಲ್ಲಿ ಟೆಸ್ಟ್ ಶೂಟ್: ಚಿತ್ರದಲ್ಲಿ ಪಟ್ಟೆ, ತುಟಿಗೆ ಕೂರದ ಮಾತು, ಗಾಣದ ಸದ್ದು. ದಾರಿ ಹೇಳಿ

ಕಬ್ಬಿನಗದ್ದೆ, ಮಂಡ್ಯ:
ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಕೊನೇ ವರ್ಷ. ಐದು ಜನ ಸೇರಿ 12 ನಿಮಿಷದ ಕಿರುಚಿತ್ರ ಮಾಡ್ತಿದ್ದೀವಿ. ಕಥೆ ಇಡೀ ಆಲೆಮನೆಯಲ್ಲೇ ನಡೆಯುತ್ತೆ. ಬೆಲ್ಲ ಕಾಯಿಸೋ ಅಪ್ಪ, ಬೆಂಗಳೂರಿಗೆ ಕೆಲಸಕ್ಕೆ ಹೊರಟ ಮಗಳು. ಅಪ್ಪನ ಪಾತ್ರಕ್ಕೆ ನಟರು ಬೇಡ ಅಂದ್ಕೊಂಡು, ಅಲ್ಲೇ ಪಾಕ ನೋಡೋ ನಮ್ಮ ದೊಡ್ಡಪ್ಪನ್ನೇ ಒಪ್ಪಿಸಿದ್ದೀವಿ.

ಭಾನುವಾರ ಟೆಸ್ಟ್ ಶೂಟ್ ಮಾಡಿದ್ವಿ. ಟ್ಯೂಬ್‌ಲೈಟ್ ಕೆಳಗೆ ತೆಗೆದಿದ್ದರಲ್ಲೆಲ್ಲ ಕಪ್ಪು ಪಟ್ಟೆ ಹರಿದಾಡ್ತವೆ. ಫೋನ್ ಕ್ಯಾಮೆರಾ, ಸೆಕೆಂಡಿಗೆ 30 ಫ್ರೇಮ್, ಶಟರ್ ಆಟೋ. ಧ್ವನಿ ಬೇರೆ ರೆಕಾರ್ಡರ್‌ನಲ್ಲಿ ತಗೊಂಡಿದ್ವಿ. ಕ್ಲ್ಯಾಪ್‌ಗೆ ಹೊಂದಿಸಿದ್ರೆ ಶುರುವಲ್ಲಿ ಸರಿ ಇರುತ್ತೆ, ಆರು ನಿಮಿಷದ ಟೇಕ್ ಮುಗಿಯೋ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಇದೆಲ್ಲ ಬಿಟ್ರೂ ಗಾಣದ ಮೋಟಾರ್ ಸದ್ದಲ್ಲಿ ದೊಡ್ಡಪ್ಪನ ಮಾತೇ ಕೇಳಲ್ಲ. ಶೂಟಿಂಗ್‌ಗೆ ಇನ್ನು ಹತ್ತೇ ದಿನ. ನಮಗೆ ಸಿಕ್ಕಿರೋದು ಎರಡು ದಿನ ಮಾತ್ರ, ಆಮೇಲೆ ಅವರಿಗೆ ಕಬ್ಬು ಬರುತ್ತೆ.

ರೀಲುಪೆಟ್ಟಿಗೆ:
ಡಬ್ಬಿಂಗ್ ಮಾಡಿಸಿಬಿಡಿ ಬ್ರದರ್. ಎಲ್ಲರೂ ಮಾಡೋದು ಅದೇ. ಮೈಸೂರಲ್ಲಿ ಗಂಟೆ ಲೆಕ್ಕದಲ್ಲಿ ಸ್ಟುಡಿಯೋ ಸಿಗುತ್ತೆ.

ಬೂಮ್ ಹಿಡಿದವಳು, ಮೈಸೂರು:
ನುರಿತ ನಟರಿಗೆ ಡಬ್ಬಿಂಗ್ ಸರಿ. ಆದ್ರೆ ಈ ದೊಡ್ಡಪ್ಪನ್ನ ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ನಿಲ್ಲಿಸಿದ್ರೆ, ಕೊಪ್ಪರಿಗೆ ಮುಂದೆ ಬಂದ ಆ ಧ್ವನಿ ಮತ್ತೆ ಬರೋದಿಲ್ಲ. ಅವರನ್ನ ಆರಿಸಿಕೊಂಡಿದ್ದೇ ಆ ಧ್ವನಿಗೋಸ್ಕರ ಅಲ್ವಾ ತಮ್ಮ?

ಮೊದಲು ಸುಲಭದ್ದು. ನಮ್ಮ ಕರೆಂಟ್ 50 ಹರ್ಟ್ಸ್. ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಹೆಚ್ಚಿ ಕಡಿಮೆ ಆಗುತ್ತೆ, ಕಣ್ಣಿಗೆ ಕಾಣಲ್ಲ, ಶಟರ್‌ಗೆ ಕಾಣುತ್ತೆ. ಶಟರ್‌ನ ಆಟೋದಿಂದ ತೆಗೆದು 1/50ಕ್ಕೆ ಇಡು, ಇಲ್ಲಾಂದ್ರೆ 1/100ಕ್ಕೆ. ಫ್ರೇಮ್ 25. ಪಟ್ಟೆ ಹೋಗುತ್ತೆ. ಎಲ್‌ಇಡಿ ಬಲ್ಬ್ ಹಾಕೋದಾದ್ರೆ ಪ್ರತಿಯೊಂದನ್ನೂ ಹೀಗೇ ಪರೀಕ್ಷೆ ಮಾಡ್ಕೊ, ಕೆಲವು ಆಗಲೂ ಮಿನುಗ್ತವೆ.

ತುಟಿ ತಪ್ಪೋದು ಫೋನಿನ ಕೆಲಸ. ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಅದು ತಾನಾಗೇ ಫ್ರೇಮ್ ಹೆಚ್ಚು ಕಡಿಮೆ ಮಾಡ್ಕೊಳ್ಳುತ್ತೆ. ಫ್ರೇಮ್ ಕಟ್ಟಿಹಾಕೋ ಆ್ಯಪ್ ಬಳಸು. ಈಗಾಗಲೇ ತೆಗೆದಿರೋದನ್ನ ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಸ್ಥಿರ ಫ್ರೇಮ್‌ಗೆ ಬದಲಾಯಿಸಿ ಆಮೇಲೆ ಎಡಿಟಿಂಗ್‌ಗೆ ಹಾಕು. ರೆಕಾರ್ಡರ್ 48 ಕಿಲೋಹರ್ಟ್ಸ್‌ನಲ್ಲಿರಲಿ. ಟೇಕ್ ಶುರುವಿಗೊಂದು ಕ್ಲ್ಯಾಪ್, ಕೊನೆಗೊಂದು ಕ್ಲ್ಯಾಪ್.

ಮೂರನೇದಕ್ಕೆ ಉತ್ತರ ಮೈಕಿನಲ್ಲಿಲ್ಲ, ನಿಮ್ಮ ಸ್ಕ್ರಿಪ್ಟ್‌ನಲ್ಲಿದೆ. ನೀನು ಸ್ಕ್ರಿಪ್ಟ್ ಎಲ್ಲಿ ಕೂತು ಬರೆದೆ?

ಕಬ್ಬಿನಗದ್ದೆ, ಮಂಡ್ಯ:
ಹಾಸ್ಟೆಲ್‌ನಲ್ಲಿ ಅಕ್ಕ. ಆಲೆಮನೆ ಚಿಕ್ಕಂದಿನಿಂದ ನೋಡಿದ್ದೀನಿ ಅಂತ ಮತ್ತೆ ಹೋಗಲಿಲ್ಲ.

ಬೂಮ್ ಹಿಡಿದವಳು, ಮೈಸೂರು:
ಹಾಗಾದ್ರೆ ನಾಳೆ ಬೆಳಗಿನ ಜಾವ ಹೋಗು. ಕ್ಯಾಮೆರಾ ಬೇಡ, ಒಂದು ನೋಟ್‌ಬುಕ್, ಗಡಿಯಾರ ಸಾಕು. ಮೋಟಾರ್ ಎಷ್ಟೊತ್ತಿಗೆ ಶುರು, ಎಷ್ಟೊತ್ತಿಗೆ ನಿಲ್ಲುತ್ತೆ, ಕರೆಂಟ್ ಯಾವಾಗ ಹೋಗುತ್ತೆ, ಬಿಸಿಲು ಯಾವ ಕಿಂಡಿಯಿಂದ ಒಳಗೆ ಬೀಳುತ್ತೆ, ದೊಡ್ಡಪ್ಪ ಯಾವಾಗ ಸುಮ್ಮನಿರ್ತಾರೆ, ಯಾವಾಗ ಬೈತಾರೆ. ಸಂಜೆವರೆಗೂ ಬರಿ. ಆ ಪುಟಗಳೇ ನಿನ್ನ ಶೆಡ್ಯೂಲ್.

ಆಮೇಲೆ ಸ್ಕ್ರಿಪ್ಟ್ ತಿದ್ದು. ಗಾಣ ಓಡುವಾಗ ಮಗಳು ಏನೋ ಹೇಳ್ತಾಳೆ, ಅಪ್ಪನಿಗೆ ಕೇಳಲ್ಲ. ಕೇಳದಿರೋದೇ ಆ ದೃಶ್ಯವಾಗಲಿ. ಮುಖ್ಯವಾದ ಮಾತು ಮೋಟಾರ್ ನಿಂತ ಮೇಲೆ ಬರಲಿ. ಆಗ ಒಲೆ ಉರಿಯೋದು, ಪಾಕ ಕುದಿಯೋದು ಮಾತ್ರ ಇರುತ್ತೆ. ಮೈಕನ್ನ ಬಾಯಿಂದ ಎರಡಡಿ ಬದಲು ಒಂದಡಿಗೆ ತಂದ್ರೆ ಮಾತು 6 ಡೆಸಿಬಲ್ ಏರುತ್ತೆ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಟೇಕ್ ಓಕೆ ಆದ ತಕ್ಷಣ, ಮೋಟಾರ್ ನಿಲ್ಲಿಸಿ ಅದೇ ಜಾಗದಲ್ಲಿ ಅದೇ ಸಾಲುಗಳನ್ನ ದೊಡ್ಡಪ್ಪನ ಕೈಲಿ ಇನ್ನೆರಡು ಸಲ ಹೇಳಿಸಿ ಧ್ವನಿ ಮಾತ್ರ ತಗೋ. ವೈಲ್ಡ್ ಟ್ರ್ಯಾಕ್ ಅಂತೀವಿ. ಎಷ್ಟೋ ಸಲ ನನ್ನ ಕೆಲಸ ಉಳಿಸಿರೋದು ಅದು. ಆಮೇಲೆ ಎಲ್ಲರೂ ಬಾಯಿ ಮುಚ್ಚಿ ನಿಂತು ಒಂದು ನಿಮಿಷ ಬರೀ ಆ ಜಾಗದ ಸದ್ದು ರೆಕಾರ್ಡ್ ಮಾಡ್ಕೊ.

ಇನ್ನೊಂದು, ದಯವಿಟ್ಟು ಹಗುರವಾಗಿ ತಗೋಬೇಡ. ಆಲೆಮನೆ ತುಂಬ ಒಣಗಿದ ಕಬ್ಬಿನ ಸಿಪ್ಪೆ ಇರುತ್ತೆ. 1989ರ ಫೆಬ್ರವರಿಯಲ್ಲಿ ನಮ್ಮೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಧಾರಾವಾಹಿ ಶೂಟಿಂಗ್ ನಡೀವಾಗ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ಬಿಸಿಯಾಗೋ ಲೈಟನ್ನ ಸಿಪ್ಪೆ ಹತ್ರ ನಿಲ್ಲಿಸಬೇಡ, ವೈರ್ ಜೋಡಣೆ ಅದರ ಮೇಲೆ ಬರಬಾರದು, ಮರಳು ನೀರು ಕೈಗೆಟುಕೋ ಹಾಗಿರಲಿ, ಹೊರಗೆ ಓಡೋ ದಾರಿಯಲ್ಲಿ ಟ್ರೈಪಾಡ್ ಇಡಬೇಡ.

ರೀಲುಪೆಟ್ಟಿಗೆ:
ಅಕ್ಕ ಹೇಳಿದ್ದು ಒಪ್ತೀನಿ, ಡಬ್ಬಿಂಗ್ ಮಾತು ವಾಪಸ್. ಒಂದು ಸೇರಿಸ್ತೀನಿ: ಒಂದು ಪುಟ ಅಂದ್ರೆ ಒಂದು ನಿಮಿಷ ಅನ್ನೋ ಲೆಕ್ಕ ಇಂಗ್ಲಿಷ್ ಟೈಪ್ ಮಾಡಿದ ಸ್ಕ್ರಿಪ್ಟ್‌ದು. ಕೈಬರಹದ ಕನ್ನಡ ಪುಟಕ್ಕೆ ಅದನ್ನ ನಂಬಬೇಡಿ. ಗಟ್ಟಿಯಾಗಿ ಓದಿ, ಸ್ಟಾಪ್‌ವಾಚ್ ಹಿಡೀರಿ.

ಕಬ್ಬಿನಗದ್ದೆ, ಮಂಡ್ಯ (ನಾಲ್ಕು ದಿನದ ನಂತರ):
ಅಕ್ಕ, ಹೋಗಿ ಕೂತೆ. ಮೋಟಾರ್ ಇಡೀ ದಿನ ಓಡುತ್ತೆ ಅಂದ್ಕೊಂಡಿದ್ದು ತಪ್ಪು. ಕಬ್ಬಿನ ಹಾಲು ತುಂಬಿಕೊಂಡ ಮೇಲೆ ನಿಲ್ಲಿಸ್ತಾರೆ. ಪಾಕ ಬರೋವರೆಗೂ ಎರಡು ಗಂಟೆಗಿಂತ ಹೆಚ್ಚು ಹೊತ್ತು ನನಗೆ ಸಿಗುತ್ತೆ. ದೊಡ್ಡಪ್ಪ ಕೊನೇ ಹೊತ್ತಲ್ಲಿ ಮಾತೇ ಆಡಲ್ಲ. ಒಂದು ಚೂರು ಪಾಕ ತಗೊಂಡು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡ್ತಾರೆ. ನಾಲ್ಕು ಸಾಲು ಡೈಲಾಗ್ ತೆಗೆದುಹಾಕಿ ಆ ಬೆರಳನ್ನ ಬರೆದೆ. ಓದಿದಾಗ ಸ್ಕ್ರಿಪ್ಟ್ 17 ನಿಮಿಷ ಬಂತು, ಕತ್ತರಿಸ್ತಾ ಇದ್ದೀನಿ. ಪಟ್ಟೆ ಪೂರ್ತಿ ಹೋಯ್ತು, ತುಟಿನೂ ಕೂತಿದೆ.

ಉಳಿದಿರೋದು ಒಂದೇ. ಹಬೆಗೆ ಲೆನ್ಸ್ ಮಂಜಾಗುತ್ತೆ. ಜೊತೆಗೆ ಪಾಕ ಎತ್ತಿ ಸುರಿಯೋ ಶಾಟ್‌ಗೆ ಎರಡನೇ ಟೇಕ್ ಇಲ್ಲ.

ಬೂಮ್ ಹಿಡಿದವಳು, ಮೈಸೂರು:
ಆ ಬೆರಳು ಓದಿ ತುಂಬ ಖುಷಿಯಾಯ್ತು. ಫೋನನ್ನ ಅರ್ಧ ಗಂಟೆ ಮುಂಚೆ ಒಳಗೆ ತಂದಿಡು, ಒಳಗಿನ ಬಿಸಿಗೆ ಹೊಂದಿಕೊಂಡ್ರೆ ಮಂಜು ಕಟ್ಟೋದು ಕಡಿಮೆ. ಹಬೆ ಮೇಲೇಳುತ್ತೆ, ನೀನು ಪಕ್ಕದಲ್ಲಿ ಕೆಳಗೆ ಕೂತು ತೆಗಿ. ಒಂದು ಒಣ ಹತ್ತಿ ಬಟ್ಟೆ ಜೇಬಲ್ಲಿರಲಿ. ಸುರಿಯೋ ಶಾಟ್‌ಗೆ ಹಿಂದಿನ ದಿನ ಒಲೆ ಆರಿದ ಮೇಲೆ ತಣ್ಣೀರು ಹಾಕಿ ಮೂರು ಸಲ ತಾಲೀಮು ಮಾಡಿಸು. ಯಾರು ಎಲ್ಲಿ ನಿಲ್ಲಬೇಕು ಅಂತ ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕು. ಇನ್ನೊಂದು ಫೋನ್ ಸಿಕ್ಕಿದ್ರೆ ಅದನ್ನ ದೊಡ್ಡಪ್ಪನ ಮುಖಕ್ಕೆ ಇಡು.