ಒಬ್ಬರಿಗೆ ಪ್ಲಾಸ್ಮಾ ಬದಲಾವಣೆ, ಇನ್ನೊಬ್ಬರಿಗೆ ಏಕಿಲ್ಲ?

ವಿರಾಜಪೇಟೆಯ ಬೆಳೆಗಾರ: ನಮ್ಮ ಭಾವನವರಿಗೆ ಕೆಮ್ಮಿನಲ್ಲಿ ರಕ್ತ ಬಂದಾಗ ಕ್ಷಯವೆಂದೇ ಭಾವಿಸಿದ್ದೆವು. ಮೂತ್ರ ಕಡು ಡಿಕಾಕ್ಷನ್‌ನ ಬಣ್ಣಕ್ಕೆ ತಿರುಗಿ ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 4 ದಾಟಿದ ಮೇಲೆ ಮೈಸೂರಿಗೆ ಕರೆದೊಯ್ದೆವು. ಅಲ್ಲಿ ಆಂಕಾ ವ್ಯಾಸ್ಕುಲೈಟಿಸ್ (ಆಂಕಾ ಎಂಬ, ದೇಹದ್ದೇ ಪ್ರತಿಕಾಯಗಳಿಂದ ಸಣ್ಣ ರಕ್ತನಾಳಗಳು ಉರಿಯೂತಗೊಳ್ಳುವ ಕಾಯಿಲೆ) ಎಂದು ಹೇಳಿ ಸ್ಟೀರಾಯ್ಡ್ ಮತ್ತು ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಕೊಟ್ಟರು, ಪ್ಲಾಸ್ಮಾ (ರಕ್ತದ ದ್ರವಭಾಗ) ತೆಗೆದು ಬದಲಾಯಿಸಲಿಲ್ಲ. ಗೋಣಿಕೊಪ್ಪದ ಪರಿಚಿತರೊಬ್ಬರಿಗೆ ಇವೇ ಲಕ್ಷಣಗಳಿದ್ದಾಗ ದಿನವೂ ಪ್ಲಾಸ್ಮಾ ಬದಲಾಯಿಸಿದ್ದರು. ನಮ್ಮವರಿಗೆ ಸಿಗಬೇಕಾದ ಚಿಕಿತ್ಸೆ ಸಿಗಲಿಲ್ಲವೇ ಎಂಬ ಸಂಶಯ ಮನೆಯವರನ್ನೆಲ್ಲ ಕೊರೆಯುತ್ತಿದೆ.

ಮಡಿಕೇರಿಯ ವೈದ್ಯೆ: ಲಕ್ಷಣ ಒಂದೇ ಆದರೂ ಕಾಯಿಲೆ ಬೇರೆ ಇರಬಹುದು. ಗುಡ್‌ಪಾಶ್ಚರ್ ಕಾಯಿಲೆಯಲ್ಲಿ ಪ್ರತಿಕಾಯಗಳು ಮೂತ್ರಪಿಂಡದ ಸೋಸುವ ಪೊರೆಯಲ್ಲೂ ಶ್ವಾಸಕೋಶದ ಗಾಳಿಚೀಲಗಳಲ್ಲೂ ಇರುವ ಕೊಲಾಜೆನ್ ಮೇಲೆ ನೇರವಾಗಿ ಎರಗುವುದರಿಂದ, ಅವನ್ನು ರಕ್ತದಿಂದ ತೆಗೆದುಹಾಕಲು ಪ್ಲಾಸ್ಮಾ ಬದಲಾಯಿಸಲೇಬೇಕಾಗುತ್ತದೆ. ಜೊತೆಗೆ ಸ್ಟೀರಾಯ್ಡ್ ಮತ್ತು ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೋಫಾಸ್ಫಮೈಡ್ ಕೊಡುತ್ತಾರೆ. ಆಂಕಾದಲ್ಲಿ ಹಾಗಲ್ಲ. 2020ರಲ್ಲಿ ಪ್ರಕಟವಾದ, 704 ರೋಗಿಗಳ ಪೆಕ್ಸಿವಾಸ್ ಅಧ್ಯಯನದಲ್ಲಿ ಪ್ಲಾಸ್ಮಾ ಬದಲಾವಣೆಯಿಂದ ಸಾವಾಗಲಿ ಮೂತ್ರಪಿಂಡ ವೈಫಲ್ಯವಾಗಲಿ ಕಡಿಮೆಯಾಗಲಿಲ್ಲ. ಆದ್ದರಿಂದ ಮೈಸೂರಿನವರ ತೀರ್ಮಾನವನ್ನು ಅಸಡ್ಡೆ ಎನ್ನಲಾಗದು.

ಕುಶಾಲನಗರದ ನಿವೃತ್ತ ಲ್ಯಾಬ್ ತಂತ್ರಜ್ಞ: ಮೇಡಂ, ಇದನ್ನು ಅಷ್ಟಕ್ಕೇ ಮುಗಿಸುವುದು ಸರಿಯಲ್ಲ. ಕ್ರಿಯಾಟಿನಿನ್ 3.4 ದಾಟಿದವರಿಗೆ, ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿ ಆಮ್ಲಜನಕ ಕುಸಿದವರಿಗೆ ಪ್ಲಾಸ್ಮಾ ಬದಲಾವಣೆಯನ್ನು ಪರಿಗಣಿಸಬಹುದೆಂದು 2024ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಇವರ ಭಾವನವರದು 4 ದಾಟಿತ್ತು. ಮೇಲಾಗಿ ಕೆಲವರ ರಕ್ತದಲ್ಲಿ ಆಂಕಾ, ಗುಡ್‌ಪಾಶ್ಚರ್ ಎರಡೂ ಬಗೆಯ ಪ್ರತಿಕಾಯಗಳಿರುತ್ತವೆ. ಗುಡ್‌ಪಾಶ್ಚರ್‌ನ ಪ್ರತಿಕಾಯವನ್ನು ಹುಡುಕುವ ಜಿಬಿಎಂ ಪರೀಕ್ಷೆ ಆಗಿದೆಯೇ ಎಂದು ಮೊದಲು ವಿಚಾರಿಸಬೇಕು.

ಮಡಿಕೇರಿಯ ವೈದ್ಯೆ: ಒಪ್ಪುತ್ತೇನೆ. ಆದರೆ ಪರಿಗಣಿಸುವುದೆಂದರೆ ಕೊಡಲೇಬೇಕೆಂದಲ್ಲ. ಕ್ರಿಯಾಟಿನಿನ್ ಬಹಳ ಏರಿದವರಲ್ಲಿ ಪ್ಲಾಸ್ಮಾ ಬದಲಾವಣೆಯಿಂದ ಡಯಾಲಿಸಿಸ್ ತಪ್ಪುವ ಸಾಧ್ಯತೆ ಹೆಚ್ಚಬಹುದಾದರೂ, ಗಂಭೀರ ಸೋಂಕಿನ ಅಪಾಯವೂ ಹೆಚ್ಚುತ್ತದೆ. ಅದನ್ನು ತೂಗಿ ನೋಡಿದ್ದರೆ ಕುಟುಂಬದವರಿಗೆ ತಿಳಿಸಬೇಕಿತ್ತು.

ವಿರಾಜಪೇಟೆಯ ಬೆಳೆಗಾರ: ಈಗಷ್ಟೇ ಫೈಲ್ ತೆಗೆದು ನೋಡಿದೆ, ಜಿಬಿಎಂ ನೆಗೆಟಿವ್ ಎಂದಿದೆ. ಕ್ರಿಯಾಟಿನಿನ್ ಈಗ 2ಕ್ಕೆ ಇಳಿದಿದೆ. ಆದರೆ ಸ್ಟೀರಾಯ್ಡ್‌ನಿಂದ ಮುಖ ಊದಿ, ಸಕ್ಕರೆ ಏರಿದೆ. ಕಾಫಿ ಕೊಯ್ಲು ಶುರುವಾಗುವ ಮುನ್ನ ಮಾತ್ರೆ ಬಿಟ್ಟುಬಿಡುತ್ತೇನೆಂದು ಅವರು ಹಟ ಹಿಡಿದಿದ್ದಾರೆ.

ಮಡಿಕೇರಿಯ ವೈದ್ಯೆ: ದಯವಿಟ್ಟು ತಡೆಯಿರಿ. ಏಕಾಏಕಿ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಸ್ಟೀರಾಯ್ಡ್ ಪ್ರಮಾಣವನ್ನು ಬೇಗ ಇಳಿಸಿದವರಿಗೂ ಫಲ ಅಷ್ಟೇ ದೊರೆತು, ಗಂಭೀರ ಸೋಂಕು ಕಡಿಮೆಯಾಯಿತೆಂದು ಅದೇ ಪೆಕ್ಸಿವಾಸ್ ತೋರಿಸಿದೆ; ಆದ್ದರಿಂದ ಇಳಿಸುವ ಬಗ್ಗೆ ವೈದ್ಯರನ್ನು ಕೇಳುವುದು ಸೂಕ್ತವೇ. ಆಂಕಾ ಮರುಕಳಿಸುವ ಕಾಯಿಲೆಯಾದ್ದರಿಂದ ರಿಟುಕ್ಸಿಮ್ಯಾಬ್‌ನ ಮುಂದಿನ ಡೋಸ್‌ಗಳನ್ನೂ, ನ್ಯುಮೋನಿಯಾ ತಡೆಗೆ ಕೊಟ್ರೈಮೊಕ್ಸಜೋಲ್ ಬರೆದುಕೊಟ್ಟಿದ್ದರೆ ಅದನ್ನೂ ತಪ್ಪಿಸಬಾರದು. ಜ್ವರ ಬಂದರೆ ತೋಟದ ಚಳಿಯೆಂದು ಕಷಾಯ ಕುಡಿದು ಮಲಗದೆ, ಅಂದೇ ಆಸ್ಪತ್ರೆಗೆ ಕರೆತನ್ನಿ.