ಸಹಾಯ ಬೇಕು: ದಾಸವಾಳದ ಮೊಗ್ಗು ಅರಳುವ ಮೊದಲೇ ಉದುರುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರು. ದಸರಾ ಮುಗಿದರೂ ಸಂಜೆ ಮಳೆ ಬಿಟ್ಟಿಲ್ಲ. ಗೇಟಿನ ಪಕ್ಕದ ಪಾರಿಜಾತ ದಿನಾ ಬೆಳಗ್ಗೆ ನೆಲದ ತುಂಬ ಹೂ ಚೆಲ್ಲುತ್ತಿದೆ. ಚೆಂಡು ಹೂವೂ ಜೋರಾಗಿದೆ, ದೀಪಾವಳಿಗೆ ಕೊಳ್ಳುವ ಹಾಗೇ ಇಲ್ಲ.

ತೊಂದರೆ ಇರುವುದು ತಾರಸಿಯ ಕುಂಡದಲ್ಲಿರುವ ಕೆಂಪು ದಾಸವಾಳಕ್ಕೆ. ಮೊಗ್ಗು ಕಡಲೆಕಾಳಿನಷ್ಟಾಗುತ್ತಲೇ ತೊಟ್ಟು ಹಳದಿಯಾಗಿ ಬಿದ್ದುಹೋಗುತ್ತದೆ. ಚಿಗುರಿನ ಸಂದಿಯಲ್ಲೆಲ್ಲ ಬೆಳ್ಳಗೆ ಹತ್ತಿ ಮೆತ್ತಿದ ಹಾಗೆ ಹಿಟ್ಟು ತಿಗಣೆ. ಎಲೆ ಮುಟ್ಟಿದರೆ ಕೈಗೆ ಅಂಟು. ಕಾಂಡದ ಮೇಲೆ ಕಪ್ಪಿರುವೆಗಳ ಸಾಲು. ಆ ಸಿಹಿ ಅಂಟಿಗಾಗಿ ಇರುವೆಗಳೇ ತಿಗಣೆಯನ್ನು ಕಾಯುತ್ತವೆ ಅಲ್ವಾ? ಇರುವೆ ತಡೆಯದೆ ಸುಮ್ನೆ ಔಷಧಿ ಹೊಡೆದರೆ ಪ್ರಯೋಜನವಿಲ್ಲ ಅಂತ ನನಗನಿಸುತ್ತದೆ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಜೊತೆಗೆ ಸ್ವಲ್ಪ ಸೋಪಿನ ನೀರು ಸೇರಿಸಿ ಹೊತ್ತು ಇಳಿದ ಮೇಲೆ ಹೊಡೆಯುತ್ತಿದ್ದೇನೆ. ಅಷ್ಟರಲ್ಲೇ ಮಳೆ ಬಂದು ತೊಳೆದುಬಿಡುತ್ತದೆ.

ಹುಳ ಹಿಡಿದ ರೆಂಬೆಗಳನ್ನು ಈಗಲೇ ಕತ್ತರಿಸಬಹುದಾ, ಇಲ್ಲ ಮಳೆ ನಿಲ್ಲುವವರೆಗೆ ಕಾಯಬೇಕಾ? ಇರುವೆ ಹತ್ತದ ಹಾಗೆ ಕುಂಡಕ್ಕೆ ನೀವು ಏನು ಮಾಡುತ್ತೀರಿ? ಪಕ್ಕದಲ್ಲೇ ಬದನೆ, ಟೊಮೆಟೊ ಇವೆ, ಮನೆಯಲ್ಲಿ ಮಕ್ಕಳೂ ಇದ್ದಾರೆ. ಹಾಗಾಗಿ ಜಾಸ್ತಿ ವಿಷದ ಔಷಧಿ ಬೇಡ.

ಸೇವಂತಿಗೆಯ ಬುಡದ ಎಲೆಗಳಿಗೂ ಕಪ್ಪು ಚುಕ್ಕೆ ಬಂದಿದೆ. ಅವನ್ನು ಕಿತ್ತು ಹಾಕಿದ್ದೇನೆ. ಮೊಗ್ಗುಗಳು ಚೆನ್ನಾಗಿವೆ, ಅದರ ಚಿಂತೆ ಅಷ್ಟಿಲ್ಲ.

ದಾಸವಾಳ ನಮ್ಮತ್ತೆ ನೆಟ್ಟ ಗಿಡ. ದಿನಾ ಪೂಜೆಗೆ ಅದರ ಹೂವೇ ಆಗಬೇಕು ಅವರಿಗೆ. ಹೇಗಾದರೂ ಉಳಿಸಿಕೊಳ್ಳಬೇಕು. ನಿಮ್ಮ ತೋಟದಲ್ಲಿ ಮಾಡಿ ಗುಣ ಕಂಡಿದ್ದು ಏನಾದರೂ ಇದ್ದರೆ ದಯವಿಟ್ಟು ಹೇಳಿ.